ಗಾಜಿನಂತಾದ ಮೂತ್ರಪಿಂಡಕ್ಕೆ ಮರಳಿ ಜೀವ: ಹೇಗೆ ಸಾಧ್ಯ?

ರಾಯಚೂರು, ಕೊಪ್ಪಳದ ಪಶು ಆಸ್ಪತ್ರೆಗಳಲ್ಲಿ ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯ ನಳಿಕೆಗಳು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತವೆ. ದಾನಿಯ ಹೃದಯವನ್ನಾದರೋ ಮಂಜುಗಡ್ಡೆಯ ನಡುವೆ 4ರಿಂದ 6 ಗಂಟೆ ಮಾತ್ರ ಕಾಯ್ದಿಡಬಹುದು. ಬಳ್ಳಾರಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸಾಗಿಸಿದರೆ ಈ ಅವಧಿಯ ಬಹುಪಾಲು ದಾರಿಯಲ್ಲೇ ಕಳೆದುಹೋಗುತ್ತದೆ. ಇಡೀ ಅಂಗವನ್ನೂ ಅತಿಶೀತದಲ್ಲಿಟ್ಟು ಜೀವಂತವಾಗಿ ಮರಳಿ ಪಡೆಯುವ ವಿಧಾನ ಹೀಗಿದೆ.

ಮೊದಲು, ಅಂಗದ ರಕ್ತನಾಳಗಳ ಮೂಲಕ ಶೈತ್ಯರಕ್ಷಕ ದ್ರಾವಣವನ್ನು ಹಂತಹಂತವಾಗಿ ಹರಿಸಬೇಕು. ಇಲ್ಲದಿದ್ದರೆ ನೀರು ಹರಳುಗಟ್ಟಿ ಜೀವಕೋಶಗಳನ್ನೂ ಸೂಕ್ಷ್ಮ ರಕ್ತನಾಳಗಳನ್ನೂ ಹಾಳುಮಾಡುತ್ತದೆ. 1949ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಕೋಳಿಯ ವೀರ್ಯವನ್ನು ಗ್ಲಿಸರಾಲ್ ಎಂಬ ಶೈತ್ಯರಕ್ಷಕದಿಂದ ಉಳಿಸಿ ಈ ದಾರಿ ತೆರೆದರು. ತೊಡಕೆಂದರೆ, ಗಾಢವಾದಷ್ಟೂ ಈ ದ್ರಾವಣವೇ ವಿಷವಾಗುತ್ತದೆ.

ಬಳಿಕ ಅಂಗವನ್ನು ವೇಗವಾಗಿ ತಂಪಾಗಿಸಿದರೆ, ಅದರೊಳಗಿನ ದ್ರವವು ಹರಳುಗಟ್ಟದೆ ಗಾಜಿನಂತೆ ಗಟ್ಟಿಯಾಗುತ್ತದೆ.

ನಿಜವಾದ ಪರೀಕ್ಷೆ ಇರುವುದು ಮತ್ತೆ ಬೆಚ್ಚಗಾಗಿಸುವಾಗ. ತಂಪಾಗಿಸುವುದಕ್ಕಿಂತಲೂ ಹೆಚ್ಚು ವೇಗ ಇಲ್ಲಿ ಬೇಕು. ನಿಧಾನವಾದರೆ ದಾರಿಯಲ್ಲೇ ಹರಳುಗಳು ಬೆಳೆಯುತ್ತವೆ. ತೆಳ್ಳಗಿನ ವೀರ್ಯ ನಳಿಕೆಗೆ ಬೆಚ್ಚಗಿನ ನೀರು ಸಾಕು, ಆದರೆ ಅಂಗವನ್ನು ಹೊರಗಿನಿಂದ ಕಾಯಿಸಿದರೆ ಹೊರಭಾಗ ಬಿಸಿಯಾಗಿ ಒಳಭಾಗ ತಣ್ಣಗೆ ಉಳಿದು, ಕುದಿನೀರು ಸುರಿದ ಗಾಜಿನ ಲೋಟದಂತೆ ಸೀಳಬಹುದು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾನ್ ಬಿಶಾಫ್ ಮತ್ತು ಎರಿಕ್ ಫಿಂಗರ್ ಅವರ ತಂಡವು ಇದಕ್ಕೆ ಸೊಗಸಾದ ಉಪಾಯ ಕಂಡುಕೊಂಡಿತು: ತಂಪಾಗಿಸುವ ಮುನ್ನವೇ ರಕ್ತನಾಳಗಳಲ್ಲಿ ಕಬ್ಬಿಣದ ಆಕ್ಸೈಡ್‌ನ ಅತಿಸೂಕ್ಷ್ಮ ಕಣಗಳನ್ನು ತುಂಬಿ, ಬೇಕಾದಾಗ ಅಂಗವನ್ನು ದಿಕ್ಕು ಬದಲಿಸುತ್ತಲೇ ಇರುವ ಕಾಂತಕ್ಷೇತ್ರದಲ್ಲಿ ಇರಿಸಿದರೆ ಕಣಗಳೇ ಕಾದು, ಅಂಗವೆಲ್ಲ ಒಳಗಿನಿಂದ ಏಕರೂಪವಾಗಿ ಬೆಚ್ಚಗಾಗುತ್ತದೆ. ಕೊನೆಗೆ ಕಣಗಳನ್ನೂ ದ್ರಾವಣವನ್ನೂ ತೊಳೆದು ತೆಗೆಯಬೇಕು.

ಹೀಗೆ 100 ದಿನಗಳವರೆಗೆ ಇಟ್ಟಿದ್ದ ಮೂತ್ರಪಿಂಡಗಳನ್ನು ಐದು ಇಲಿಗಳಿಗೆ ಕಸಿ ಮಾಡಿದ್ದು 2023ರಲ್ಲಿ ಪ್ರಕಟವಾಯಿತು. ಸ್ವಂತ ಮೂತ್ರಪಿಂಡಗಳಿಲ್ಲದ ಆ ಇಲಿಗಳನ್ನು ಕಸಿಯಾದ ಅಂಗವೊಂದೇ ಬದುಕಿಸಿತು. ಆದರೆ ಮನುಷ್ಯನ ಮೂತ್ರಪಿಂಡ ಸುಮಾರು 150 ಗ್ರಾಂ, ಇಲಿಯದು ಒಂದೆರಡು ಗ್ರಾಂ. ಗಾತ್ರ ಹೆಚ್ಚಿದಷ್ಟೂ ಒಳಭಾಗ ನಿಧಾನವಾಗಿ ತಂಪಾಗುವುದರಿಂದ ದ್ರಾವಣ ಇನ್ನಷ್ಟು ಗಾಢವಾಗಿರಬೇಕಾಗುತ್ತದೆ, ಅದರೊಂದಿಗೆ ವಿಷದ ಅಪಾಯವೂ ಏರುತ್ತದೆ. ಇಡೀ ದೇಹವನ್ನೇ ಶೀತದಲ್ಲಿಟ್ಟು ಮುಂದೊಂದು ದಿನ ಎಬ್ಬಿಸುವ ಭರವಸೆಗೆ ಈ ಪ್ರಯೋಗವನ್ನು ಆಧಾರವಾಗಿ ತೋರಿಸುವುದು ಸರಿಯಲ್ಲ. ಇಲ್ಲಿ ಸಾಬೀತಾಗಿರುವುದು ಇಲಿಯ ಒಂದು ಅಂಗದ ಮಟ್ಟಿಗೆ ಮಾತ್ರ.