ಅಕ್ಕನ ಹಳೆಯ ಫೋನಿನ ನೆಟ್‌ವರ್ಕ್ ಲಾಕ್ ತೆಗೆಸಿದ್ದು

ಅಕ್ಕ ಹೊಸ ಫೋನ್ ಕೊಂಡ ಮೇಲೆ ಅವಳ ಹಳೆಯ ಆಂಡ್ರಾಯ್ಡ್ ಫೋನ್ ನನ್ನ ಪಾಲಿಗೆ ಬಂತು. ನನ್ನ ಸಿಮ್ ಹಾಕಿ ಆನ್ ಮಾಡಿದಾಗ ಪರದೆಯ ಮೇಲೆ ನೆಟ್‌ವರ್ಕ್ ಅನ್‌ಲಾಕ್ ಪಿನ್ ಕೇಳುವ ಸೂಚನೆಯೊಂದು ಮೂಡಿತು. ಅವಳು ಆ ಫೋನನ್ನು ಮೊಬೈಲ್ ಸೇವೆ ಕೊಡುವ ಕಂಪನಿಯಿಂದಲೇ ಕಂತಿನಲ್ಲಿ ಕೊಂಡಿದ್ದಳು. ಆ ಕಂಪನಿಯ ಸಿಮ್ ಬಿಟ್ಟು ಬೇರೆಯದನ್ನು ಅದು ಒಪ್ಪುವಂತಿರಲಿಲ್ಲ.

ನಾನು ಮೊದಲು ಮಾಡಿದ್ದು ಫ್ಯಾಕ್ಟರಿ ರೀಸೆಟ್, ಅದೂ ಯಾರನ್ನೂ ಕೇಳದೆ. ಫೋನಿನಲ್ಲಿ ಉಳಿದಿದ್ದ ಫೋಟೊಗಳೆಲ್ಲ ಹೋದವು, ಲಾಕ್ ಮಾತ್ರ ಇದ್ದಂತೆಯೇ ಇತ್ತು. ರೀಸೆಟ್ ಅಳಿಸುವುದು ಬಳಕೆದಾರರ ಮಾಹಿತಿಯನ್ನು. ಈ ಲಾಕ್ ಅದರಿಂದ ಬೇರೆಯಾಗಿ, ರೀಸೆಟ್‌ಗೆ ಎಟುಕದ ಜಾಗದಲ್ಲಿ ಇರುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಪರದೆಯ ಪ್ಯಾಟರ್ನ್ ಲಾಕ್‌ಗೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಹಣ ಕೊಟ್ಟರೆ ಕೋಡ್ ಕೊಡುತ್ತೇವೆ ಎನ್ನುವವರ ಕಡೆಗೂ ಮನಸ್ಸು ಒಮ್ಮೆ ಹರಿಯಿತು. ಆದರೆ ತಪ್ಪು ಕೋಡನ್ನು ಮತ್ತೆ ಮತ್ತೆ ಒತ್ತಿದರೆ ಅನೇಕ ಫೋನುಗಳು ಮುಂದೆ ಸರಿಯಾದ ಕೋಡನ್ನೂ ಸ್ವೀಕರಿಸುವುದಿಲ್ಲವೆಂದು ಓದಿದ್ದರಿಂದ ಆ ಯೋಚನೆಯನ್ನು ಕೈಬಿಟ್ಟು ನೇರವಾಗಿ ಕಂಪನಿಗೇ ಅರ್ಜಿ ಹಾಕಲು ನಿರ್ಧರಿಸಿದೆ. ಅರ್ಜಿಗೆ ಬೇಕಾದ ಐಎಂಇಐ, ಅಂದರೆ ಫೋನನ್ನು ಗುರುತಿಸುವ ಸಂಖ್ಯೆಯನ್ನು *#06# ಒತ್ತಿ ತೆಗೆದುಕೊಂಡೆ. ಎಡವಿದ್ದು ಇಲ್ಲಿಯೇ. ಎರಡು ಸಿಮ್ ಹಾಕುವ ಫೋನಾದ್ದರಿಂದ 15 ಅಂಕಿಗಳ ಎರಡು ಸಂಖ್ಯೆಗಳು ಒಂದರ ಕೆಳಗೊಂದು ಕಾಣಿಸಿಕೊಂಡವು. ಎರಡಕ್ಕೂ ಮೊದಲ ಎಂಟು ಅಂಕಿ ಒಂದೇ ಆಗಿದ್ದರಿಂದ ಹೆಚ್ಚು ಗಮನಿಸದೆ ಕೆಳಗಿನದನ್ನು ಬರೆದು ಕಳುಹಿಸಿದೆ. ಅಂಥ ಫೋನು ತಮ್ಮ ದಾಖಲೆಯಲ್ಲಿಲ್ಲ ಎಂದು ಉತ್ತರ ಬಂತು. ಆ ಮೊದಲ ಎಂಟು ಅಂಕಿಗಳು ಫೋನಿನ ಮಾದರಿಯನ್ನಷ್ಟೇ ಹೇಳುತ್ತವೆ, ಬಿಡಿ ಫೋನನ್ನು ಗುರುತಿಸುವುದು ಅನಂತರದ ಅಂಕಿಗಳು.

ಮೇಲಿನ ಸಂಖ್ಯೆಯನ್ನು ಕಳುಹಿಸಿದಾಗ ಬೇರೆ ತಕರಾರು ಎದುರಾಯಿತು: ಕೊನೆಯ ಕಂತು ಬಾಕಿಯಿದೆ, ಮೇಲಾಗಿ ಖಾತೆ ಇರುವುದು ಅಕ್ಕನ ಹೆಸರಿನಲ್ಲಿ. ‘ಎಲ್ಲ ಕಟ್ಟಿದ್ದೀನಲ್ಲೋ!’ ಎಂದು ಅವಳು ಮೊದಲು ವಾದಿಸಿದಳಾದರೂ ಲೆಕ್ಕ ತೆಗೆದು ನೋಡಿದಾಗ ಒಂದು ಕಂತು ನಿಜವಾಗಿಯೂ ತಪ್ಪಿಹೋಗಿತ್ತು. ಅದನ್ನು ಕಟ್ಟಿ ಅವಳಿಂದಲೇ ಅರ್ಜಿ ಹಾಕಿಸಿದ ಮೇಲೆ ಕೋಡ್ ಬಂತು. ತಂತ್ರಜ್ಞಾನದ ತೊಡಕೆಂದು ನಾನು ತಲೆಕೆಡಿಸಿಕೊಂಡದ್ದರಲ್ಲಿ ಮುಕ್ಕಾಲು ಪಾಲು ಲೆಕ್ಕಪತ್ರದ ಕೆಲಸವಾಗಿತ್ತು.

ಕೋಡನ್ನು ಕಾಗದದ ಮೇಲೆ ನಾಲ್ಕು ನಾಲ್ಕು ಅಂಕಿಗಳ ಗುಂಪು ಮಾಡಿ ಬರೆದುಕೊಂಡೆ. ನನ್ನ ಸಿಮ್ ಹಾಕಿ, ಅಕ್ಕ ಓದಿ ಹೇಳುತ್ತಿದ್ದಂತೆ ಒತ್ತಿ, ಖಚಿತಪಡಿಸುವ ಮುನ್ನ ಇನ್ನೊಮ್ಮೆ ಹೋಲಿಸಿ ನೋಡಿದೆವು. ಏಳನೆಯ ಅಂಕಿ ತಪ್ಪಾಗಿತ್ತು. ತಿದ್ದಿ ಒತ್ತಿದ ಕೆಲವು ಕ್ಷಣಗಳಲ್ಲಿ ಲಾಕ್ ತೆರೆಯಿತು. ಎಲ್ಲ ಫೋನುಗಳಲ್ಲೂ ಹೀಗೆ ಕೋಡ್ ಇರುವುದಿಲ್ಲ. ಐಫೋನಿನಲ್ಲಿ ಕಂಪನಿ ಅನುಮತಿ ಕೊಟ್ಟ ಮೇಲೆ ಅದು ಆಪಲ್‌ನ ಸರ್ವರ್ ಮೂಲಕವೇ ಫೋನಿಗೆ ತಲುಪುತ್ತದೆ.

ಕರೆಗಳೇನೋ ಬರತೊಡಗಿದವು, ಇಂಟರ್ನೆಟ್ ಮಾತ್ರ ಬರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹಳೆಯ ಕಂಪನಿಯ ಎಪಿಎನ್, ಅಂದರೆ ಫೋನು ಆ ಕಂಪನಿಯ ಮೂಲಕ ಇಂಟರ್ನೆಟ್ ಸೇರಲು ಬಳಸುವ ವಿವರ, ಇನ್ನೂ ಉಳಿದುಕೊಂಡಿತ್ತು. ನನ್ನ ಕಂಪನಿಯದನ್ನು ಸೇರಿಸಿ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದ ಮೇಲೆ ಅದೂ ಸರಿಹೋಯಿತು.