ಮೊದಲ ಭೇಟಿಯಲ್ಲಿ ನಾನು ಏನು ಕೇಳುತ್ತೇನೆ, ಯಾಕೆ ಕೇಳುತ್ತೇನೆ

ಬಸುರಿ ಅಂತ ಗೊತ್ತಾಗಿ ಮಿಡ್‌ವೈಫ್ ಹತ್ತಿರ ಮೊದಲ ಸಲ ಬರುವವರ ಮನಸ್ಸಿನಲ್ಲಿ ಒಂದು ಆಸೆ, ಒಂದು ಭಯ ಇರುತ್ತದೆ. ಮಗುವಿನ ಎದೆಬಡಿತ ಕೇಳಿಸಬಹುದು ಅನ್ನುವುದು ಆಸೆ. ಒಳಪರೀಕ್ಷೆ ಮಾಡುತ್ತಾರೇನೋ ಅನ್ನುವುದು ಭಯ. ನನ್ನ ಕೋಣೆಯಲ್ಲಿ ಮೊದಲ ದಿನ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ. ಇರುವುದು ಮಾತು. ಅದಕ್ಕೆ ಒಂದು ಗಂಟೆಯೇ ಹಿಡಿಯಬಹುದು, ಬಿಡುವು ಮಾಡಿಕೊಂಡು ಬನ್ನಿ.

ಯಾವಾಗ ಬರಬೇಕು? 12 ವಾರ ತುಂಬುವುದರೊಳಗೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಸಲಹೆಯೂ ಇದೇ: ಒಟ್ಟು ಕನಿಷ್ಠ 8 ಭೇಟಿ, ಮೊದಲನೆಯದು 12 ವಾರದೊಳಗೆ. ಮೂರು ತಿಂಗಳು ತುಂಬಲಿ, ಆಮೇಲೆ ಹೇಳೋಣ ಅಂತ ಕಾಯುವವರು ಬಹಳ. ಬೇರೆಯವರಿಗೆ ಆಮೇಲೆ ಹೇಳಿ, ಪರವಾಗಿಲ್ಲ. ನಮಗೆ ಮಾತ್ರ ಬೇಗ ಹೇಳಿ. ಮಗುವಿನ ಮಿದುಳು, ಬೆನ್ನುಹುರಿ ಆಗಬೇಕಾದ ನರನಾಳ ಗರ್ಭ ನಿಂತ ನಾಲ್ಕು ವಾರಕ್ಕೇ ಮುಚ್ಚಿಕೊಳ್ಳುತ್ತದೆ. ಅದಕ್ಕೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇನ್ನೂ ಶುರು ಮಾಡಿಲ್ಲದಿದ್ದರೆ ನನ್ನ ಭೇಟಿಯವರೆಗೂ ಕಾಯುವುದು ಬೇಡ. ಸಕ್ಕರೆ ಕಾಯಿಲೆ ಇರುವವರಿಗೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚಿನ ಡೋಸ್ ಬೇಕಾಗುತ್ತದೆ. ಅದನ್ನು ವೈದ್ಯರೇ ಬರೆದುಕೊಡುತ್ತಾರೆ.

ನನ್ನ ಮೊದಲ ಪ್ರಶ್ನೆ, ಕೊನೆಯ ಮುಟ್ಟು ಶುರುವಾದ ದಿನ ಯಾವುದು? ಆ ದಿನಕ್ಕೆ 7 ದಿನ, 9 ತಿಂಗಳು ಸೇರಿಸಿದರೆ ಅಂದಾಜು ಹೆರಿಗೆ ದಿನ ಸಿಗುತ್ತದೆ. ಜನವರಿ 1 ಆಗಿದ್ದರೆ ಅಕ್ಟೋಬರ್ 8. ಇದು 28 ದಿನಕ್ಕೊಮ್ಮೆ ಸರಿಯಾಗಿ ಮುಟ್ಟಾಗುವವರ ಲೆಕ್ಕ. ಏರುಪೇರು ಇದ್ದರೆ ಅದನ್ನೂ ಹೇಳಿ. ಮೊದಲ ಮೂರು ತಿಂಗಳ ಸ್ಕ್ಯಾನ್‌ನಲ್ಲಿ ಮಗುವಿನ ತಲೆಯಿಂದ ಬುಡದವರೆಗಿನ ಉದ್ದ ಅಳೆದರೆ ದಿನ ಇನ್ನೂ ನಿಖರವಾಗಿ ಸಿಗುತ್ತದೆ. ಅದೇ ದಿನ ಹೆರುವವರು ಕಡಿಮೆ ಅನ್ನುವುದೂ ನೆನಪಿರಲಿ.

ಆಮೇಲೆ ಹಿಂದಿನದ್ದು. ಮೊದಲು ಬಸುರಾಗಿದ್ದಿರಾ? ಗರ್ಭಪಾತ ಆಗಿತ್ತಾ, ಮಾಡಿಸಿಕೊಂಡಿದ್ದಿರಾ? ಸಿಸೇರಿಯನ್, ಹೆರಿಗೆಯಾದ ಮೇಲೆ ಜಾಸ್ತಿ ರಕ್ತ ಹೋಗಿದ್ದು, ಅವಧಿಗೆ ಮುಂಚೆ ಹೆರಿಗೆ, ಏರಿದ ಬಿಪಿ, ಇವೆಲ್ಲ ಮತ್ತೆ ಬರಬಹುದಾದ ತೊಂದರೆಗಳ ಸುಳಿವು. ಹಿಂದೆ ಬಿಪಿ ಏರಿ ಕಷ್ಟವಾಗಿದ್ದವರಿಗೆ ವೈದ್ಯರು 12 ವಾರದಿಂದಲೇ ಸಣ್ಣ ಡೋಸ್ ಆಸ್ಪಿರಿನ್ ಕೊಡುವುದುಂಟು. ಐದನೇ ತಿಂಗಳು ಕಳೆದ ಮೇಲೆ ಆ ವಿಷಯ ಗೊತ್ತಾದರೆ ಅಷ್ಟು ಉಪಯೋಗವಿಲ್ಲ.

ಮಾತ್ರೆಗಳ ಹೆಸರು ನೆನಪಿಟ್ಟುಕೊಂಡು ಬರಬೇಡಿ, ಮಾತ್ರೆಯ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಂಡು ಬನ್ನಿ. ಥೈರಾಯ್ಡ್ ಮಾತ್ರೆಯ ಡೋಸ್ ಬಸುರಿನಲ್ಲಿ ಹೆಚ್ಚಿಸಬೇಕಾಗಬಹುದು. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಮಗುವಿಗೆ ಅಪಾಯ. ಆದರೆ ಅದನ್ನು ನೀವೇ ನಿಲ್ಲಿಸಿಬಿಟ್ಟರೆ ತಾಯಿಗೇ ಅಪಾಯ. ಬದಲಾಯಿಸುವುದು ಹೇಗೆ ಅಂತ ವೈದ್ಯರು ತಕ್ಷಣ ನೋಡಬೇಕು.

ಇನ್ನು, ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುತ್ತೇನೆ. ಗಂಡ ಆಗಲಿ, ತಾಯಿ ಆಗಲಿ, ಅತ್ತೆ ಆಗಲಿ, ಎಲ್ಲರಿಗೂ ಒಂದೇ ನಿಯಮ. ನನ್ನ ಮಟ್ಟಿಗೆ ಇಡೀ ಭೇಟಿಯಲ್ಲಿ ಇದಕ್ಕಿಂತ ಮುಖ್ಯವಾದ ಹೊತ್ತಿಲ್ಲ. ಬಾಗಿಲು ಮುಚ್ಚಿದ ಮೇಲೆ ನೇರವಾಗಿ ಕೇಳುತ್ತೇನೆ. ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ, ಹೆದರಿಸುತ್ತಾರಾ? ಈ ಬಸುರು ನಿಮಗೆ ಬೇಕಾಗಿದ್ದೇನಾ? ಮನಸ್ಸು ಹೇಗಿದೆ? ಸಿಗರೇಟ್, ಕುಡಿತ, ತಂಬಾಕು ಇದೆಯಾ? ಕೆಲವರು ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾರೆ. ನಾನೂ ಸುಮ್ಮನಿರುತ್ತೇನೆ, ಪೆನ್ನು ಕೆಳಗಿಟ್ಟು ಕಾಯುತ್ತೇನೆ. ಎಷ್ಟೋ ಸಲ ಮಾತು ಹೊರಬರುವುದು ಆ ಮೌನ ಆದಮೇಲೆಯೇ. ಮೊದಲೊಮ್ಮೆ ಗರ್ಭಪಾತ ಮಾಡಿಸಿಕೊಂಡಿದ್ದು ಮನೆಯವರಿಗೆ ಗೊತ್ತಿಲ್ಲ ಅಂತ ಹೇಳಿದವರಿದ್ದಾರೆ. ಆಗ ಕೇಳಿಯೇ ಬರೆಯುತ್ತೇನೆ: ಇದನ್ನು ನಿಮ್ಮ ಕೈಗೆ ಕೊಡುವ ಕಾರ್ಡ್‌ನಲ್ಲಿ ಹಾಕಲಾ, ಬೇಡವಾ? ಕಾರ್ಡ್ ಮನೆಯಲ್ಲಿ ಯಾರ ಕೈಗೆ ಬೇಕಾದರೂ ಸಿಗುತ್ತದೆ ಅಲ್ವಾ. ನಿಮ್ಮನ್ನು ಅಳೆಯುವುದಕ್ಕೆ ನಾನು ಈ ಪ್ರಶ್ನೆ ಕೇಳುವುದಿಲ್ಲ. ಉತ್ತರ ಯಾವುದಾದರೂ ಅಲ್ಲಿಂದ ಮುಂದೆ ಏನು ಮಾಡಬಹುದು ಅಂತ ನೋಡುವುದಕ್ಕೆ ಕೇಳುತ್ತೇನೆ.

ಬಿಪಿ ನೋಡುವಾಗ ನಾನು ಅವಸರ ಮಾಡುವುದಿಲ್ಲ. ಮೆಟ್ಟಿಲು ಹತ್ತಿ ಬಂದವರನ್ನು ಐದು ನಿಮಿಷ ಸುಮ್ನೆ ಕೂರಿಸುತ್ತೇನೆ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಅಳೆಯುವಾಗ ಮಾತಿಲ್ಲ. ಇವತ್ತಿನ ಅಂಕಿಯ ಜೊತೆಗೇ ಮುಂದಿನ ಪ್ರತಿ ಅಂಕಿಯನ್ನೂ ಹೋಲಿಸಿ ನೋಡಬೇಕು. 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತೇನೆ. ಇಳಿಯದಿದ್ದರೆ ವೈದ್ಯರಿಗೆ ತಿಳಿಸುತ್ತೇನೆ.

ಎತ್ತರ, ತೂಕ ಬೇಗ ಮುಗಿಯುತ್ತದೆ. ಮೂತ್ರದಲ್ಲಿ ಪ್ರೋಟೀನ್, ಸೋಂಕು ಇದೆಯಾ ಅಂತ ನೋಡುತ್ತೇವೆ. ರಕ್ತವನ್ನು ಒಂದೇ ಸಲ ಚುಚ್ಚಿ ಹಲವು ಬಾಟಲಿಗೆ ತುಂಬುತ್ತೇವೆ: ಹಿಮೋಗ್ಲೋಬಿನ್, ರಕ್ತದ ಗುಂಪು, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಎಚ್‌ಐವಿ ಪರೀಕ್ಷೆ ಅಂದ ತಕ್ಷಣ ನನ್ನ ಮೇಲೆ ಅನುಮಾನವಾ ಅಂತ ಬೇಸರ ಮಾಡಿಕೊಳ್ಳುವವರಿದ್ದಾರೆ. ಇದನ್ನು ಎಲ್ಲರಿಗೂ ಮಾಡುತ್ತೇವೆ. ಈ ಮೂರೂ ಸೋಂಕುಗಳು ತಾಯಿಯಿಂದ ಮಗುವಿಗೆ ದಾಟದಂತೆ ತಡೆಯಲು ಒಳ್ಳೆಯ ಚಿಕಿತ್ಸೆ ಇದೆ. ಗುಂಪು ಆರ್‌ಎಚ್ ನೆಗೆಟಿವ್ ಬಂದರೆ ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ಪ್ರತಿಕಾಯ ತಯಾರಿಸದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಸುಮಾರು 28 ವಾರಕ್ಕೆ ಬೇಕಾಗಬಹುದು. ನಡುವೆ ರಕ್ತ ಕಂಡರೆ ಇನ್ನೂ ಬೇಗ.

ಎದೆಬಡಿತ? 12 ವಾರಕ್ಕಿಂತ ಮುಂಚೆ ಗರ್ಭಕೋಶ ಇನ್ನೂ ಸೊಂಟದ ಮೂಳೆಗಳ ಹಿಂದೆಯೇ ಇರುತ್ತದೆ. ಕೈಯಲ್ಲಿ ಹಿಡಿಯುವ ಡಾಪ್ಲರ್‌ಗೆ ಬಡಿತ ಸಿಗದಿರುವುದೇ ಹೆಚ್ಚು. ಸಿಗಲಿಲ್ಲ ಅಂತ ಒಬ್ಬ ತಾಯಿ ರಾತ್ರಿಯೆಲ್ಲ ಅಳುವುದು ನನಗೆ ಇಷ್ಟವಿಲ್ಲ. ಅದಕ್ಕೇ ಒಂಬತ್ತನೇ ವಾರದಲ್ಲಿ ಎಷ್ಟೇ ಕೇಳಿದರೂ ನಾನು ಡಾಪ್ಲರ್ ಹೊರಗೆ ತೆಗೆಯುವುದಿಲ್ಲ.

ಕೊನೆಯ ಹತ್ತು ನಿಮಿಷ ನಿಮ್ಮ ಪ್ರಶ್ನೆಗಳಿಗೆ. ಮನೆಯಿಂದಲೇ ಬರೆದುಕೊಂಡು ಬನ್ನಿ, ಕೋಣೆಗೆ ಬಂದಾಗ ಅರ್ಧ ಮರೆತುಹೋಗುತ್ತದೆ. ಹೊರಡುವ ಮುಂಚೆ ಕಾರ್ಡ್‌ನ ಹಿಂದೆ ಫೋನ್ ನಂಬರ್ ಬರೆದುಕೊಡುತ್ತೇನೆ. ರಕ್ತ ಕಂಡರೆ, ಹೊಟ್ಟೆಯ ಒಂದು ಬದಿ ತಡೆಯಲಾಗದಷ್ಟು ನೋವಾದರೆ, ಭುಜದ ತುದಿ ನೋಯುತ್ತಿದ್ದರೆ, ತಲೆಸುತ್ತಿ ಬಿದ್ದರೆ, ಜ್ವರ ಬಂದರೆ, ಮೂತ್ರ ಉರಿದರೆ, ಕುಡಿದ ನೀರೂ ವಾಂತಿಯಾಗಿ ಹೋಗುತ್ತಿದ್ದರೆ, ಮುಂದಿನ ಭೇಟಿಗೆ ಇನ್ನೆಷ್ಟು ದಿನ ಅಂತ ಲೆಕ್ಕ ಹಾಕಬೇಡಿ. ಅದೇ ಗಂಟೆಯಲ್ಲಿ ಫೋನ್ ಮಾಡಿ. ಯಾರೂ ಎತ್ತದಿದ್ದರೆ ನೇರ ಆಸ್ಪತ್ರೆಗೆ ಹೋಗಿ.