ಇಲ್ಲದ ಹುಡುಗನನ್ನು ಇದ್ದಾನೆ ಎನ್ನುವ ಮೊದಲು

ಮೈಸೂರಿನ ಸರಸ್ವತಿಪುರಂನ ಒಂದು ಪಿ.ಜಿ.ಯಲ್ಲಿ ಎರಡು ವರ್ಷ ಇದ್ದೆ. ಅದರಲ್ಲಿ ಏಳು ತಿಂಗಳು, ನನಗೊಬ್ಬ ಬಾಯ್‌ಫ್ರೆಂಡ್ ಇದ್ದಾನೆ ಎಂದು ಗೆಳತಿಯರನ್ನು ನಂಬಿಸಿದ್ದೆ. ಅಂಥವನು ಯಾರೂ ಇರಲಿಲ್ಲ. ರಾತ್ರಿ ಊಟ ಮುಗಿಸಿ ನಾಲ್ಕು ಜನ ಮಂಚದ ಮೇಲೆ ಕುಳಿತು, "ನಿನಗೆ ಮಾತ್ರ ಏಕೆ ಯಾರೂ ಇಲ್ಲ?" ಎಂದು ದಿನವೂ ಕೇಳಿದರೆ ಬಾಯಿಗೆ ಏನು ಬರುತ್ತದೆ ಎಂಬುದು ನನಗೆ ಗೊತ್ತು. ಆದ್ದರಿಂದ ಹಾಗೆ ಹೇಳಿದ ಯಾವ ಹುಡುಗಿಯನ್ನೂ ನಾನು ಬೈಯುವುದಿಲ್ಲ. ಹೇಳಿಬಿಟ್ಟಿದ್ದರೆ, ಅಥವಾ ಹೇಳುವ ಅಂಚಿನಲ್ಲಿದ್ದರೆ, ನನ್ನ ಅನುಭವ ಉಪಯೋಗಕ್ಕೆ ಬರಲಿ.

ಮೊದಲನೆಯದಾಗಿ, ಕಡಿಮೆ ಹೇಳಿ. "ಒಬ್ಬರಿದ್ದಾರೆ, ಈಗಲೇ ಏನೂ ಹೇಳಲಾರೆ" ಎಂಬಷ್ಟು ಸಾಕು. ಹೆಸರು, ಊರು, ಕೆಲಸ, ಜಾತಿ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಒಂದಕ್ಕೆ ಉತ್ತರ ಕೊಟ್ಟರೆ ಮುಂದಿನದಕ್ಕೂ ಕೊಡಬೇಕಾಗುತ್ತದೆ. ನಾನು ಅವನನ್ನು ಬೆಂಗಳೂರಿನಲ್ಲಿಟ್ಟೆ. ದೂರವಿದ್ದರೆ ಯಾರೂ ನೋಡಬೇಕೆನ್ನುವುದಿಲ್ಲ ಎಂದುಕೊಂಡೆ. ಆದರೆ ಭಾನುವಾರ ಏಕೆ ಬರುವುದಿಲ್ಲ ಎಂದು ಕೇಳಿದರು. ಬರುತ್ತಾನೆ, ಬೈಕಿನಲ್ಲಿ ಎಕ್ಸ್‌ಪ್ರೆಸ್‌ವೇ ಹಿಡಿದರೆ ಒಂದೂವರೆ ಗಂಟೆ ಎಂದೆ. 2023ರ ಆಗಸ್ಟ್‌ನಿಂದ ಆ ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕುಗಳನ್ನು ಬಿಡುತ್ತಿಲ್ಲ ಎಂಬುದು ನನಗೆ ನೆನಪಾಗಲಿಲ್ಲ, ಒಬ್ಬಳಿಗೆ ನೆನಪಿತ್ತು. ಇನ್ನೊಮ್ಮೆ ಮಂಗಳವಾರ ಅವನೊಂದಿಗೆ ಮೃಗಾಲಯಕ್ಕೆ ಹೋಗಿದ್ದೆ ಎಂದೆ. ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ರಜೆ. ಸುಳ್ಳಿನಲ್ಲಿ ಒಂದು ಜಾಗ, ಒಂದು ವಾರ ಸೇರಿದ ಕೂಡಲೇ ಊರೇ ಸಾಕ್ಷಿ ಹೇಳುತ್ತದೆ.

ಫೋಟೊ ಮಾತ್ರ ತೋರಿಸಲೇಬೇಡಿ. ಒತ್ತಾಯ ಬಂದಾಗ ನನ್ನ ಸೋದರಮಾವನ ಮಗನ ಫೋಟೊ ತೋರಿಸಿಬಿಡೋಣ ಎಂದು ಮೊಬೈಲ್ ಕೈಗೆತ್ತಿಕೊಂಡಿದ್ದೆ. ನಾನು ಮಂಡ್ಯದ ಕಡೆಯವಳು. ಮೈಸೂರಿಗೂ ಮಂಡ್ಯಕ್ಕೂ ಸುಮಾರು 45 ಕಿಲೋಮೀಟರ್. ಯಾವ ಮದುವೆ ಮನೆಗೆ ಹೋದರೂ ಒಬ್ಬರಿಗೊಬ್ಬರು ನೆಂಟರಾಗಿ ಸಿಗುತ್ತಾರೆ. ಆ ಫೋಟೊ ಮೂರು ಮೊಬೈಲ್ ದಾಟಿ ಅವನಿಗೆ ಹೆಣ್ಣು ನೋಡುತ್ತಿರುವ ಮನೆ ತಲುಪಿದ್ದರೆ? ನಮ್ಮ ಮರ್ಯಾದೆ ಉಳಿಸಿಕೊಳ್ಳಲು ಇನ್ನೊಬ್ಬರ ಮುಖ ಎರವಲು ತರುವುದು ಅನ್ಯಾಯ. ನಿಮಗೆ ನೀವೇ ಉಡುಗೊರೆ ಕೊಂಡು "ಅವನು ಕಳಿಸಿದ" ಎನ್ನುವುದೂ ಬೇಡ, ದುಡ್ಡು ದಂಡ.

ಫೋನಿನ ವಿಷಯ ಹೇಳಲೇಬೇಕು. ಎಲ್ಲರೂ ಒಂಬತ್ತೂವರೆಗೆ ತಾರಸಿಗೆ ಹೋಗಿ ಮೂಲೆಗೊಬ್ಬರಂತೆ ಮಾತನಾಡುತ್ತಿದ್ದರು. ನಾನೂ ಹೋಗಬೇಕಿತ್ತು. ಬರಿ ಮೊಬೈಲಿಗೆ ಮಾತನಾಡಲು ಆಗಲಿಲ್ಲ, ಅವ್ವನಿಗೆ ಕರೆ ಮಾಡುತ್ತಿದ್ದೆ. ನೀರಿನ ಟ್ಯಾಂಕಿನ ಪಕ್ಕ, ಗೋಡೆಗೆ ಮುಖ ಮಾಡಿ ನಿಂತು, ಯಾರಿಗೂ ಕೇಳದಂತೆ "ಹೂಂ", "ಊಟ ಆಯಿತಾ" ಎನ್ನುತ್ತಿದ್ದೆ. "ಅವ್ವಾ" ಎಂದು ಕರೆಯುತ್ತಿರಲಿಲ್ಲ. ನಾಲ್ಕನೆಯ ದಿನ ಅವಳು ಕೇಳಿದಳು: "ಏಕೆ ಮಗಳೇ ಇಷ್ಟು ಮೆಲ್ಲಗೆ ಮಾತನಾಡುತ್ತೀಯಾ? ಗಂಟಲು ಕಟ್ಟಿದೆಯಾ?" ಹೌದು ಎಂದೆ. ಮಾರನೆಯ ದಿನ ಊರಿನಿಂದ ಮೈಸೂರಿಗೆ ಬಂದವರ ಕೈಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ಬಂತು. ಒಳಗೆ ಮೆಣಸು, ಜೀರಿಗೆ, ಒಣಶುಂಠಿ ಹುರಿದು ಕುಟ್ಟಿದ ಪುಡಿ. ಮುಚ್ಚಳ ಸಡಿಲವಾಗದಿರಲೆಂದು ಹಳೆಯ ಸೀರೆಯ ಅಂಚು ಹರಿದು ಕಟ್ಟಿದ್ದಳು. ಆ ಗಂಟು ಬಿಚ್ಚಲು ನನ್ನ ಕೈ ಬರಲಿಲ್ಲ. ನೀವು ಫೋನಿನಲ್ಲಿ ನಟಿಸುವುದಿದ್ದರೆ ಆ ಕಡೆ ನಿಮ್ಮನ್ನು ನಿಜವಾಗಿ ಪ್ರೀತಿಸುವವರನ್ನು ಇಡಬೇಡಿ.

ಕೆಲವರು ಹಿಂದೆ ಬೀಳುವ ಗಂಡಸಿನಿಂದ ತಪ್ಪಿಸಿಕೊಳ್ಳಲು "ನನಗೆ ಹುಡುಗನಿದ್ದಾನೆ" ಎನ್ನುತ್ತಾರೆ. ಆ ಗಳಿಗೆಗೆ ಅದು ಕೆಲಸ ಮಾಡಿದರೆ ಹೇಳಿ. ಆದರೆ ಅದನ್ನೇ ನಂಬಿ ಕೂರಬೇಡಿ. ಬೇಡವೆಂದ ಮೇಲೂ ಹಿಂಬಾಲಿಸುವುದು, ಪದೇ ಪದೇ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅಪರಾಧ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಅಲ್ಲಿ ಹುಡುಗನಿದ್ದಾನೆ ಎಂದು ರುಜುವಾತು ಮಾಡುವ ಅಗತ್ಯವಿಲ್ಲ.

ಇನ್ನು ಮುಗಿಸುವ ದಾರಿ. ಅವನಿಗೆ ಅಪಘಾತ ಮಾಡಿಸಬೇಡಿ, ಮೋಸಗಾರನನ್ನಾಗಿ ಮಾಡಬೇಡಿ. "ಬ್ರೇಕಪ್ ಆಯಿತು" ಎಂದರೆ ಮುಗಿಯುತ್ತದೆ ಎಂದುಕೊಂಡು ನಾನು ಹಾಗೆಯೇ ಹೇಳಿದೆ. ಅದು ಗೌರಿ ಹಬ್ಬದ ಹಿಂದಿನ ವಾರ. ನನ್ನ ಕೋಣೆಯ ಗೆಳತಿ ಊರಿಗೆ ಹೊರಡಲು ಬ್ಯಾಗ್ ಜೋಡಿಸಿಟ್ಟಿದ್ದವಳು, ಇವಳನ್ನು ಈ ಸ್ಥಿತಿಯಲ್ಲಿ ಒಬ್ಬಳನ್ನೇ ಬಿಡಲಾರೆ ಎಂದು ಬಟ್ಟೆಗಳನ್ನು ಮತ್ತೆ ಕಪಾಟಿಗೆ ಇಟ್ಟಳು. ಹಬ್ಬದ ದಿನ ನನಗೆ ಇಡ್ಲಿ ತಂದುಕೊಟ್ಟು, ತಲೆಗೆ ಎಣ್ಣೆ ಹಚ್ಚಿದಳು. ಅವಳ ಬೆರಳು ನನ್ನ ನೆತ್ತಿಯ ಮೇಲೆ ಆಡುತ್ತಿದ್ದಾಗ, ಇನ್ನು ತಡೆಯಲಾರೆ ಎನ್ನಿಸಿತು.

ನಿಜವನ್ನು ಮೊದಲು ಒಬ್ಬರಿಗೇ ಹೇಳಿ. ನಿಮ್ಮ ಸುಳ್ಳಿಗಾಗಿ ಹೆಚ್ಚು ಕಳೆದುಕೊಂಡವರಿಗೆ. ಎದುರುಬದುರು ಕುಳಿತು ಹೇಳಲು ಕಷ್ಟ, ನಡೆಯುತ್ತಾ ಹೇಳಿ. ನಾವು ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆವು. ಹತ್ತುವಾಗ ಉಸಿರಿರುವುದಿಲ್ಲ, ಇಳಿಯುವಾಗ ಹೇಳಬೇಕು. ಇಬ್ಬರ ಕಣ್ಣೂ ಮೆಟ್ಟಿಲ ಮೇಲಿರುತ್ತವೆ. ನಂದಿಯನ್ನು ದಾಟಿದ ಮೇಲೆ ಹೇಳಿದೆ: "ಅಂಥವನು ಯಾರೂ ಇರಲೇ ಇಲ್ಲ. ನಿಮ್ಮ ಪ್ರಶ್ನೆಗೆ ಹೆದರಿ ಹೇಳಿದೆ." ಕಾರಣವನ್ನು ಇಷ್ಟಕ್ಕೇ ನಿಲ್ಲಿಸಿ, ಉದ್ದ ಮಾಡಿದರೆ ಅದು ಇನ್ನೊಂದು ಕಥೆಯಾಗುತ್ತದೆ. ಅವಳು ಸುಮಾರು ಐವತ್ತು ಮೆಟ್ಟಿಲು ಮಾತನಾಡಲಿಲ್ಲ. ಆಮೇಲೆ, "ನಮ್ಮಮ್ಮ ಕಡುಬು ಮಾಡಿ ರಾತ್ರಿಯವರೆಗೂ ನನಗಾಗಿ ಕಾದರು" ಎಂದಳು.

ಹನ್ನೊಂದು ದಿನ ಮಾತು ಬಿಟ್ಟಳು. ಆ ದಿನಗಳಲ್ಲಿ ಸಮರ್ಥನೆ ಬೇಡ, ಮೇಲಿಂದ ಮೇಲೆ ಕ್ಷಮೆಯೂ ಬೇಡ. ಅವರ ಸಿಟ್ಟನ್ನು ಅವರಿಗೇ ಬಿಡಿ. ನಾನು ಮಾಡಿದ್ದು ಒಂದೇ, ಅವಳ ಅಮ್ಮನಿಗೆ ಫೋನ್ ಮಾಡಿ, ನನ್ನಿಂದಾಗಿ ಅವಳು ಹಬ್ಬಕ್ಕೆ ಬರಲಿಲ್ಲ, ತಪ್ಪು ನನ್ನದು ಎಂದೆ. ಉಳಿದ ಮೂವರಿಗೆ ದಸರಾಕ್ಕೆ ಮೊದಲೇ ಒಟ್ಟಿಗೆ ಕೂರಿಸಿ ಹೇಳಿದೆ.

ಆ ಪ್ರಶ್ನೆ ಮತ್ತೆ ಬರುತ್ತದೆ, ಉತ್ತರವನ್ನು ಮೊದಲೇ ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ. ನಾನು ಅದೇ ತಾರಸಿಯಲ್ಲಿ, ಟ್ಯಾಂಕಿನ ಪಕ್ಕ ನಿಂತು ಮಾಡಿದೆ: "ಯಾರೂ ಇಲ್ಲ. ದಯವಿಟ್ಟು ಇದನ್ನು ದಿನವೂ ಕೇಳಬೇಡಿ, ನನಗೆ ನೋವಾಗುತ್ತದೆ." ಮೂರು ಸಲ ಹೇಳಿದ ಮೇಲೆ ದನಿ ನಡುಗುವುದು ನಿಂತಿತು. ಆಮೇಲೆ ಅವ್ವನಿಗೆ ಫೋನ್ ಮಾಡಿ, ಗಂಟಲು ಸರಿಯಾಯಿತು ಎಂದೆ.